ಕಾಡುಪ್ರಾಣಿಗಳ ಲಾಡಿಹುಳು ಮನೆಗೆ ಬರುವ ಬಗೆ

ಹೊಟ್ಟೆಯಲ್ಲಿ ಹುಳುವಾಗಿದೆಯೆಂದರೆ ನಮ್ಮ ಮನೆಗಳಲ್ಲಿ ಯಾರೂ ಅಷ್ಟಾಗಿ ಗಾಬರಿಗೊಳ್ಳುವುದಿಲ್ಲ. ಮಗು ನಿದ್ದೆಯಲ್ಲಿ ಹಲ್ಲು ಕಡಿದರೆ, ಹೊತ್ತಲ್ಲದ ಹೊತ್ತಿನಲ್ಲಿ ಬೆಲ್ಲಕ್ಕಾಗಿ ಹಟಮಾಡಿದರೆ, ‘ಜಂತಾಗಿದೆ’ ಎಂದು ಅಜ್ಜಿಯೇ ನಿರ್ಣಯಿಸಿ ಬೇವಿನ ಚಿಗುರನ್ನೋ ಓಮದ ಕಷಾಯವನ್ನೋ ಕುಡಿಸುವುದು ವಾಡಿಕೆ. ಈಚೆಗೆ, 2015ನೆಯ ಇಸವಿಯಿಂದ, ಶಾಲೆಗಳಲ್ಲಿಯೂ ಅಂಗನವಾಡಿಗಳಲ್ಲಿಯೂ ಮಕ್ಕಳಿಗೆ ಜಂತುನಾಶಕ ಮಾತ್ರೆಯನ್ನು ಕೊಡುವ ಏರ್ಪಾಡು ದೇಶದಲ್ಲೆಲ್ಲ ಆಗಿರುವುದರಿಂದ, ತಾಯಂದಿರ ಮನಸ್ಸು ಇನ್ನಷ್ಟು ನಿಶ್ಚಿಂತವಾಗಿದೆ. ಆ ಮಾತ್ರೆಯು ಮಣ್ಣಿನಿಂದ ಹತ್ತುವ ಸಾಮಾನ್ಯ ಜಂತುಗಳಿಗೆ ತಕ್ಕ ಔಷಧವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹುಳುಗಳಲ್ಲಿ ಇನ್ನೊಂದು ಕುಲವುಂಟು. ಅದು ಬಟ್ಟೆಯ ಲಾಡಿಯಂತೆ ಚಪ್ಪಟೆಯಾಗಿ ಉದ್ದವಾಗಿರುವುದರಿಂದ ಅದನ್ನು ಲಾಡಿಹುಳುವೆಂದು ಕರೆಯುತ್ತಾರೆ. ಈ ಕುಲದ ಕೆಲವು ಹುಳುಗಳು ವಾಸ್ತವವಾಗಿ ಮನುಷ್ಯನವೇ ಅಲ್ಲ. ನರಿ, ತೋಳ, ಕೋತಿ, ಇಲಿ, ಹಾವು, ಕಪ್ಪೆ ಇವುಗಳಿಗೆ ಸೇರಿದವು. ದಾರಿ ತಪ್ಪಿದಾಗ ಮಾತ್ರ ಅವು ನಮ್ಮ ದೇಹವನ್ನು ಹೊಗುತ್ತವೆ. ಹೀಗಾಗುವುದು ಅಪರೂಪ. ಆದರೂ ಆದಾಗ ಉಂಟಾಗುವ ಕೇಡು ಕೆಲವೊಮ್ಮೆ ಪ್ರಾಣಾಂತಿಕವಾಗಿರುವುದರಿಂದಲೂ, ಅದನ್ನು ತಡೆಯುವ ಉಪಾಯವು ಬಹುಮಟ್ಟಿಗೆ ಗೃಹಸ್ಥರ ಕೈಯಲ್ಲಿಯೇ ಇರುವುದರಿಂದಲೂ, ಈ ವಿಷಯವನ್ನು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಕಡೆ ಬೆಂಗಳೂರು ನಗರವು ಬೆಳೆಯುತ್ತ ಬಂದು ಹಳ್ಳಿಗಳ ಅಂಚನ್ನು ಮುಟ್ಟಿದೆ. ದೇವನಹಳ್ಳಿಯಲ್ಲಿ 2008ರಿಂದ ವಿಮಾನಗಳು ಇಳಿಯುತ್ತಿವೆ. ಇನ್ನೊಂದು ಕಡೆ ಶಿವಗಂಗೆಯ ಬೆಟ್ಟ, ಮಾಕಳಿದುರ್ಗದ ಗುಡ್ಡ, ಕೆರೆಯಂಗಳದ ಜಾಲಿ, ಕುರಿ ಮೇಯುವ ಹುಲ್ಲುಗಾವಲು ಇವೆಲ್ಲವೂ ಇನ್ನೂ ಇವೆ. ಹಗಲು ಕುರಿಮಂದೆಯೂ ಕಾವಲುನಾಯಿಯೂ ತಿರುಗಿದ ನೆಲದಲ್ಲಿಯೇ ರಾತ್ರಿ ನರಿ ಓಡಾಡುತ್ತದೆ. ಕಾಡು, ಕೊಟ್ಟಿಗೆ, ಮನೆ ಈ ಮೂರೂ ಒಂದಕ್ಕೊಂದು ತಗುಲಿಕೊಂಡಿರುವ ಇಂಥ ಸೀಮೆಯಲ್ಲಿ ಲಾಡಿಹುಳುಗಳ ನಡಾವಳಿಯನ್ನು ತಿಳಿದಿರುವುದು ಒಳ್ಳೆಯದು.

ಎರಡು ಮನೆಗಳ ಬಾಳು

ಲಾಡಿಹುಳುವಿಗೆ ಬಾಯಿಯಿಲ್ಲ, ಕರುಳಿಲ್ಲ. ತಲೆಯಲ್ಲಿರುವ ಹೀರುಬಟ್ಟಲುಗಳಿಂದಲೂ, ಕೆಲವು ಜಾತಿಗಳಲ್ಲಿ ಕೊಕ್ಕೆಗಳಿಂದಲೂ, ಅದು ಇನ್ನೊಂದು ಪ್ರಾಣಿಯ ಕರುಳಿನ ಗೋಡೆಯನ್ನು ಕಚ್ಚಿಕೊಂಡಿದ್ದು, ಆ ಪ್ರಾಣಿಯು ಜೀರ್ಣಿಸಿದ ಆಹಾರವನ್ನು ತನ್ನ ಮೈಯಿಂದಲೇ ಹೀರಿಕೊಳ್ಳುತ್ತದೆ. ತಲೆಯ ಹಿಂದೆ ಒಂದಕ್ಕೊಂದು ಪೋಣಿಸಿದಂತೆ ಖಂಡಗಳು ಬೆಳೆಯುತ್ತ ಹೋಗುತ್ತವೆ. ತುದಿಯ ಖಂಡಗಳಲ್ಲಿ ತತ್ತಿಗಳು ತುಂಬಿಕೊಂಡು, ಮಲದೊಡನೆ ಹೊರಕ್ಕೆ ಬೀಳುತ್ತವೆ.

ಈ ಹುಳುವಿನ ಬಾಳು ಒಂದೇ ಪ್ರಾಣಿಯಲ್ಲಿ ಸಾಮಾನ್ಯವಾಗಿ ಮುಗಿಯುವುದಿಲ್ಲ. ಅದಕ್ಕೆ ಎರಡು ಮನೆಗಳು ಬೇಕು. ತತ್ತಿ ಬಿದ್ದ ಹುಲ್ಲನ್ನು ಮೇಯುವ ಪ್ರಾಣಿಯ ಮಾಂಸದಲ್ಲಿಯೋ ಅಂಗಗಳಲ್ಲಿಯೋ ಅದರ ಮರಿಯು ನೀರುಗುಳ್ಳೆಯಾಗಿ ಬೆಳೆಯುತ್ತದೆ. ಆ ಪ್ರಾಣಿಯನ್ನು ಮಾಂಸಾಹಾರಿಯೊಂದು ತಿಂದಾಗ ಗುಳ್ಳೆಯೊಳಗಿನ ತಲೆಯು ಹೊರಬಂದು, ತಿಂದ ಪ್ರಾಣಿಯ ಕರುಳಿನಲ್ಲಿ ದೊಡ್ಡ ಹುಳುವಾಗುತ್ತದೆ. ಕರುಳಿನಲ್ಲಿರುವ ದೊಡ್ಡ ಹುಳುವಿನಿಂದ ತೊಂದರೆ ಸ್ವಲ್ಪ. ಅಂಗಗಳಲ್ಲಿ ಬೆಳೆಯುವ ಗುಳ್ಳೆಯಿಂದಲೇ ಅಪಾಯ ಹೆಚ್ಚು. ಈ ಒಂದು ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಲಭವಾಗಿ ತಿಳಿಯುತ್ತದೆ. ಮನುಷ್ಯನು ಹುಳುವಿನ ತತ್ತಿಯನ್ನು ನುಂಗಿದಾಗ, ಹುಲ್ಲು ಮೇಯುವ ಕುರಿಯ ಸ್ಥಾನದಲ್ಲಿ ತಾನು ನಿಂತಂತಾಗುತ್ತದೆ. ಗುಳ್ಳೆಯು ಅವನ ಅಂಗಗಳಲ್ಲಿಯೇ ಬೆಳೆಯುತ್ತದೆ.

ಕುರಿ, ನಾಯಿ, ನರಿ

ಇವುಗಳಲ್ಲಿ ಮುಖ್ಯವಾದುದು ಎಕಿನೋಕಾಕಸ್ ಎಂಬ ಅತಿ ಚಿಕ್ಕ ಲಾಡಿಹುಳು. ಇದರ ಉದ್ದ ಕೆಲವೇ ಮಿಲಿಮೀಟರು. ಮೈಯಲ್ಲಿ ಮೂರು ನಾಲ್ಕು ಖಂಡಗಳು ಮಾತ್ರ. ನಾಯಿಯ ಕರುಳಿನಲ್ಲಿ ಇವು ಸಾವಿರಗಟ್ಟಲೆ ಇದ್ದರೂ ನಾಯಿಯು ಆರೋಗ್ಯವಾಗಿಯೇ ಕಾಣುತ್ತದೆ. ನರಿ, ತೋಳಗಳ ಕರುಳಿನಲ್ಲಿಯೂ ಇದೇ ಹುಳು ಬಾಳಬಲ್ಲದು. ಕಾಡಿನಲ್ಲಿ ಜಿಂಕೆಯಂಥ ಪ್ರಾಣಿಗಳಿಗೂ ತೋಳನಂಥ ಬೇಟೆಯ ಪ್ರಾಣಿಗಳಿಗೂ ನಡುವೆ ನಡೆಯತಕ್ಕ ಈ ಚಕ್ರವು ಊರಿನಲ್ಲಿ ಕುರಿ, ದನ, ಎಮ್ಮೆ ಮತ್ತು ನಾಯಿಗಳ ನಡುವೆ ನಡೆಯುತ್ತದೆ. ಎರಡು ಚಕ್ರಗಳೂ ಸಂಧಿಸುವ ಸ್ಥಳವೆಂದರೆ ಊರ ಹೊರಗಿನ ಬಯಲು.

ಊರಹಬ್ಬವೋ ಮಾರಿಹಬ್ಬವೋ ಬಂದಾಗ ಏನು ನಡೆಯುತ್ತದೆಂಬುದನ್ನು ನೋಡಿರಿ. ಕುರಿಗಳನ್ನು ಬಯಲಿನಲ್ಲಿ ಕಡಿಯುತ್ತಾರೆ. ಈಲಿಯಲ್ಲಿಯೋ ಪುಪ್ಪುಸದಲ್ಲಿಯೋ ನೀರುಗುಳ್ಳೆಗಳು ಕಂಡರೆ, ಅದು ತಿನ್ನಲು ತಕ್ಕದ್ದಲ್ಲವೆಂದು ಕೊಯ್ದು ಎಸೆಯುತ್ತಾರೆ. ಎಸೆದುದು ನಾಯಿಯ ಪಾಲು. ಉಳಿದುದನ್ನು ರಾತ್ರಿ ನರಿ ತಿನ್ನುತ್ತದೆ. ಮನುಷ್ಯನು ತಿನ್ನಲೊಲ್ಲದ ಆ ಗುಳ್ಳೆಯೇ ಹುಳುವಿನ ಬೀಜಕೋಶ. ಸುಮಾರು ಆರೇಳು ವಾರಗಳೊಳಗೆ ಆ ನಾಯಿಯ ಮಲದಲ್ಲಿ ತತ್ತಿಗಳು ಬೀಳತೊಡಗುತ್ತವೆ. ಅವು ಎಷ್ಟು ಸೂಕ್ಷ್ಮವೆಂದರೆ, ಒಂದು ಮಿಲಿಮೀಟರಿನ ಅಳತೆಯಲ್ಲಿ ಇಪ್ಪತ್ತೈದು ಮೂವತ್ತನ್ನು ಸಾಲಾಗಿ ಜೋಡಿಸಬಹುದು. ತಂಪಾದ ತೇವವಿರುವ ನೆಲದಲ್ಲಿ ಅವು ತಿಂಗಳುಗಟ್ಟಲೆ ಜೀವದಿಂದಿರುತ್ತವೆ. ನಾಯಿಯು ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳುವುದರಿಂದ ಅದರ ಕೂದಲಿಗೂ ಮೂತಿಗೂ ತತ್ತಿ ಅಂಟುತ್ತದೆ. ಮಗುವು ನಾಯಿಯನ್ನು ತಡವಿ, ಅದೇ ಕೈಯನ್ನು ಬಾಯಿಗಿಡುತ್ತದೆ. ಹಿತ್ತಲಿನ ಸೊಪ್ಪಿನ ಮೇಲೆ ಬಿದ್ದ ತತ್ತಿಯು ಅಡುಗೆಮನೆಗೆ ಬರುತ್ತದೆ. ಇಲ್ಲಿ ಮಾಂಸ ತಿನ್ನುವವರು, ತಿನ್ನದವರು ಎಂಬ ಭೇದವಿಲ್ಲ. ಕುರಿಯ ಮಾಂಸವನ್ನು ಬೇಯಿಸಿ ತಿನ್ನುವುದರಿಂದ ಈ ರೋಗವು ಬರತಕ್ಕದ್ದಲ್ಲ; ನಾಯಿಯ ಮಲದ ಸೋಂಕಿನಿಂದ ಬರತಕ್ಕದ್ದು. ಆದುದರಿಂದ ಶಾಕಾಹಾರಿಗಳು ‘ಇದು ನಮಗೆ ಸಂಬಂಧಿಸಿದುದಲ್ಲ’ ಎಂದು ಪುಟ ಮಗುಚಬಾರದೆಂದು ಕೋರುತ್ತೇವೆ.

ಮನುಷ್ಯನ ದೇಹದಲ್ಲಿ ಈ ಗುಳ್ಳೆಯು ಹತ್ತರಲ್ಲಿ ಏಳು ಪಾಲು ಈಲಿಯಲ್ಲಿಯೂ ಎರಡು ಪಾಲು ಪುಪ್ಪುಸದಲ್ಲಿಯೂ ನೆಲಸುತ್ತದೆ. ಉಳಿದ ಅಂಗಗಳಲ್ಲಿ ವಿರಳ. ಅದು ಬಹಳ ಮೆಲ್ಲಗೆ ಬೆಳೆಯುವುದರಿಂದ ಬಾಲ್ಯದಲ್ಲಿ ತಗುಲಿದ ಸೋಂಕು ನಡುವಯಸ್ಸಿನಲ್ಲಿ ಗೊತ್ತಾಗುವುದುಂಟು. ಬಲಪಕ್ಕೆಯ ಕೆಳಗೆ ನೋವಿಲ್ಲದ ಗಡ್ಡೆ, ಹೊಟ್ಟೆ ಭಾರ, ಪುಪ್ಪುಸದಲ್ಲಿದ್ದರೆ ಬಿಡದ ಕೆಮ್ಮು, ಕೆಲವು ವೇಳೆ ಉಪ್ಪುನೀರಿನಂಥ ದ್ರವವನ್ನು ಕೆಮ್ಮಿ ಉಗುಳುವುದು, ಇವು ಲಕ್ಷಣಗಳು. ಗುಳ್ಳೆಯು ದೇಹದೊಳಗೆ ಒಡೆದರೆ ಅದರ ನೀರಿನಿಂದ ಮೈಗೆ ಒಮ್ಮೆಲೇ ಆಘಾತವುಂಟಾಗಿ ಪ್ರಾಣಕ್ಕೆ ಅಪಾಯವಾಗಬಹುದು. ಒಡೆದ ಗುಳ್ಳೆಯಿಂದ ಹೊಸ ಗುಳ್ಳೆಗಳು ಹುಟ್ಟಲೂಬಹುದು. ಆದುದರಿಂದ ಇಂಥ ಗಡ್ಡೆಯನ್ನು ತಿಕ್ಕಿಸುವುದು, ನೀವಿಸುವುದು, ಬರೆಹಾಕಿಸುವುದು ಎಂದಿಗೂ ಕೂಡದು. ಇಂದು ಶಬ್ದತರಂಗದ ಯಂತ್ರದಿಂದ ನೋಡಿ ಗುಳ್ಳೆಯನ್ನು ಸುಲಭವಾಗಿ ಗುರುತಿಸುತ್ತಾರೆ. ಅದರ ಹಂತಕ್ಕೆ ತಕ್ಕಂತೆ ಆಲ್ಬೆಂಡಜೋಲ್ ಔಷಧದಿಂದಲೋ, ಸೂಜಿಯಿಂದ ನೀರು ತೆಗೆಯುವ ಕ್ರಮದಿಂದಲೋ, ಶಸ್ತ್ರಚಿಕಿತ್ಸೆಯಿಂದಲೋ ಗುಣಪಡಿಸುತ್ತಾರೆ.

ಇದೇ ಬಗೆಯಲ್ಲಿ ನಾಯಿ ನರಿಗಳ ಕರುಳಿನಲ್ಲಿದ್ದು ಕುರಿಯ ಮಿದುಳನ್ನು ಹೊಗುವ ಇನ್ನೊಂದು ಹುಳುವುಂಟು. ಮಂದೆಯಿಂದ ಅಗಲಿ, ತಲೆಯನ್ನು ಒಂದೇ ಕಡೆಗೆ ವಾಲಿಸಿಕೊಂಡು, ಇದ್ದಲ್ಲಿಯೇ ಗಿರ್ರನೆ ಸುತ್ತುವ ಕುರಿಯನ್ನು ಕುರಿ ಸಾಕುವವರು ಕಂಡಿರಬಹುದು. ಅಂಥ ಕುರಿಯ ಮಿದುಳಿನಲ್ಲಿ, ಒಂದರೊಳಗೆ ಅನೇಕ ತಲೆಗಳಿರುವ ಗುಳ್ಳೆಯಿರುವುದುಂಟು. ಇದು ಮನುಷ್ಯನಿಗೆ ತಗುಲಿರುವುದು ಲೋಕದಲ್ಲಿಯೇ ಬಲು ಅಪರೂಪ. ಆದರೆ ತಗುಲಿದಾಗ ಮಿದುಳಿಗೂ ಕಣ್ಣಿಗೂ ಹಾನಿ. ಸುತ್ತುವ ಕುರಿ ಸತ್ತರೆ ಅದರ ತಲೆಯನ್ನು ನಾಯಿಗೆ ಹಾಕದೆ ಹೂಳತಕ್ಕದ್ದು.

ಒಂದು ದ್ವೀಪದ ದೃಷ್ಟಾಂತ

ಕುರಿಯ ಗುಳ್ಳೆಗೂ ನಾಯಿಯ ಹುಳುವಿಗೂ ಸಂಬಂಧವುಂಟೆಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. 1853ರಲ್ಲಿ ಜರ್ಮನ್ ವಿದ್ವಾಂಸನಾದ ಜೀಬೋಲ್ಡನು ಕುರಿಯ ಗುಳ್ಳೆಗಳನ್ನು ನಾಯಿಗಳಿಗೆ ತಿನ್ನಿಸಿ, ಅವುಗಳ ಕರುಳಿನಲ್ಲಿ ಲಾಡಿಹುಳುಗಳು ಬೆಳೆದುದನ್ನು ತೋರಿಸಿದನು. ಹತ್ತು ವರ್ಷಗಳ ಮೇಲೆ, 1863ರಲ್ಲಿ, ನೌನಿನ್ ಎಂಬವನು ಮನುಷ್ಯನ ದೇಹದಿಂದ ತೆಗೆದ ಗುಳ್ಳೆಯಿಂದಲೂ ನಾಯಿಯಲ್ಲಿ ಅದೇ ಹುಳು ಹುಟ್ಟುವುದೆಂದು ಸಿದ್ಧಪಡಿಸಿದನು.

ಆ ಕಾಲದಲ್ಲಿ ಈ ರೋಗದಿಂದ ಬಹಳವಾಗಿ ನೊಂದ ದೇಶ ಐಸ್‌ಲೆಂಡ್ ದ್ವೀಪ. ಅಲ್ಲಿನ ಜನರು ಕುರಿ ಸಾಕಿ ಬಾಳುವವರು, ಮನೆಮನೆಗೂ ನಾಯಿಗಳು. 1863ರಲ್ಲಿ ಅಲ್ಲಿಗೆ ಹೋದ ಕ್ರಾಬ್ಬೆ ಎಂಬ ಡೇನಿಷ್ ಪಂಡಿತನು ನೂರು ನಾಯಿಗಳನ್ನು ಕೊಯ್ದು ಪರೀಕ್ಷಿಸಿದಾಗ 28ರಲ್ಲಿ ಈ ಹುಳುವಿತ್ತು. ಅವನು ರೋಗದ ಕಾರಣವನ್ನೂ ಅದನ್ನು ತಡೆಯುವ ಬಗೆಯನ್ನೂ ಸುಲಭವಾದ ಮಾತಿನಲ್ಲಿ ಬರೆದ ಒಂದು ಪುಟ್ಟ ಪುಸ್ತಕವು 1864ರಲ್ಲಿ ಅಚ್ಚಾಗಿ, ದ್ವೀಪದ ಮನೆಮನೆಗೂ ಧರ್ಮಾರ್ಥವಾಗಿ ಹಂಚಲ್ಪಟ್ಟಿತು. ಅಲ್ಲಿನ ಜನರು ಓದು ಬಲ್ಲವರು. ಪುಸ್ತಕವನ್ನು ಓದಿದರು, ಹೇಳಿದಂತೆ ನಡೆದರು. 1869ರಲ್ಲಿ ಕಾನೂನೂ ಬಂದಿತು. ಗುಳ್ಳೆಗಳನ್ನು ನಾಯಿಯ ಬಾಯಿಗೆ ಬೀಳದಂತೆ ಸುಡುವುದು ಅಥವಾ ಹೂಳುವುದು, ನಾಯಿಗಳ ಸಂಖ್ಯೆಯನ್ನು ಮಿತಿಗೊಳಿಸುವುದು, ಇಷ್ಟೇ ಅದರ ತಿರುಳು. ಆಗ ಈಗಿನ ಮಾತ್ರೆಗಳೊಂದೂ ಇರಲಿಲ್ಲ. ಆದರೂ ತಲೆಮಾರುಗಳು ಕಳೆಯುತ್ತಿದ್ದಂತೆ ಎಳೆಯರಲ್ಲಿ ರೋಗವು ಕಾಣಿಸದಾಗಿ, ಕಡೆಗೆ ಆ ದ್ವೀಪದಿಂದಲೇ ಅದು ಹೊರಟುಹೋಯಿತು. ಕುರಿಗಳ ದೇಶವೆನಿಸಿದ ನ್ಯೂಜಿಲೆಂಡ್ ಕೂಡ ಇದೇ ದಾರಿಯನ್ನು ಹಿಡಿದು 2002ರಲ್ಲಿ ಈ ರೋಗದಿಂದ ಬಿಡುಗಡೆ ಹೊಂದಿದುದಾಗಿ ಸಾರಿತು. ಓದುವ ಮನೆಗಳು ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವನ್ನು ನಾವು ಕಾಣೆವು.

ಕೋತಿ, ಇಲಿ, ಕೆರೆಯ ನೀರು

ಇನ್ನು ಕೋತಿಯ ವಿಷಯ. ಕೋತಿಗಳ ಕರುಳಿನಲ್ಲಿ ಬರ್ಟಿಯೆಲ್ಲ ಎಂಬ ಲಾಡಿಹುಳುವಿರುತ್ತದೆ. ಇದು ಮನುಷ್ಯನಲ್ಲಿ ಮೊದಲು ಕಂಡುಬಂದುದು ಮಾರಿಷಸ್ ದ್ವೀಪದಲ್ಲಿ, ವರದಿಯಾದುದು 1913ರಲ್ಲಿ. ಅನಂತರ ನಮ್ಮ ದೇಶದಲ್ಲಿಯೂ ಕೆಲವರಲ್ಲಿ ಕಾಣಿಸಿದೆ. ಕೋತಿಯ ಮಲದಲ್ಲಿ ಬಿದ್ದ ತತ್ತಿಯನ್ನು ಮಣ್ಣಿನಲ್ಲಿರುವ ನುಸಿಗಳು ತಿನ್ನುತ್ತವೆ. ಆ ನುಸಿಯ ಹೊಟ್ಟೆಯಲ್ಲಿ ಮರಿಯು ಬೆಳೆಯುತ್ತದೆ. ನೆಲಕ್ಕೆ ಬಿದ್ದ ಹಣ್ಣನ್ನು ತೊಳೆಯದೆ ತಿಂದಾಗ, ಮಣ್ಣಿನ ಕೈಯನ್ನು ಬಾಯಿಗಿಟ್ಟಾಗ, ಕಣ್ಣಿಗೆ ಕಾಣದ ನುಸಿಯೂ ಒಳಕ್ಕೆ ಹೋಗುತ್ತದೆ. ಹೆಚ್ಚಾಗಿ ತಗುಲುವುದು ಮಕ್ಕಳಿಗೆ. ಅದೃಷ್ಟವಶಾತ್ ಇದು ಕರುಳನ್ನು ಬಿಟ್ಟು ಬೇರೆಡೆಗೆ ಹೋಗುವುದಿಲ್ಲ. ಹೊಟ್ಟೆನೋವು, ಅರುಚಿ, ಮಲದಲ್ಲಿ ಬಿಳಿಯ ತುಣುಕುಗಳು ಇಷ್ಟರಲ್ಲಿಯೇ ಮುಗಿಯುತ್ತದೆ. ಶಿವಗಂಗೆಗೋ ಘಾಟಿ ಸುಬ್ರಹ್ಮಣ್ಯಕ್ಕೋ ಯಾತ್ರೆ ಹೋದವರು ಕೋತಿಗಳಿಗೆ ಕೈಯಾರೆ ಉಣಿಸುವುದನ್ನು ಬಿಟ್ಟು, ಮಕ್ಕಳ ಕೈಯನ್ನು ತೊಳೆಸಿ ಬುತ್ತಿ ಬಿಚ್ಚಿದರೆ ಸಾಕು.

ಇಲಿಯ ಲಾಡಿಹುಳುವೂ ಇಂಥದೇ. ಹಿಟ್ಟಿನಲ್ಲಿಯೂ ಧಾನ್ಯದಲ್ಲಿಯೂ ಬೀಳುವ ಹುಳುಗಳು ಇಲಿಯ ಹಿಕ್ಕೆಯನ್ನು ತಿಂದು ಅದರ ಮರಿಯನ್ನು ಹೊತ್ತಿರುತ್ತವೆ. ಅಂಥ ಹುಳು ಬಿದ್ದ ಹಿಟ್ಟನ್ನು ಮಕ್ಕಳು ಹಸಿಯಾಗಿ ಮುಕ್ಕಿದರೆ ಹುಳು ಹೊಟ್ಟೆಗೆ ಸೇರುತ್ತದೆ. ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ಭದ್ರಮಾಡುತ್ತಿದ್ದುದೂ, ಮನೆಯ ಹೆಂಗಸರು ಹಿಟ್ಟನ್ನು ಜರಡಿಯಾಡಿ, ಕಾಳನ್ನು ಬಿಸಿಲಿಗೆ ಹರವುತ್ತಿದ್ದುದೂ ಈ ದೃಷ್ಟಿಯಿಂದಲೂ ಒಳ್ಳೆಯ ಪದ್ಧತಿಗಳೇ.

ಮೂರನೆಯದು ನೀರಿನಿಂದ ಬರತಕ್ಕದ್ದು. ಬೆಕ್ಕು ನಾಯಿಗಳ ಜಾತಿಯ ಪ್ರಾಣಿಗಳಲ್ಲಿರುವ ಸ್ಪೈರೋಮೆಟ್ರ ಎಂಬ ಹುಳುವಿನ ಮರಿಯು ಮೊದಲು ಕೆರೆಕುಂಟೆಗಳ ನೀರಿನಲ್ಲಿರುವ ಸಣ್ಣ ಕೀಟದಲ್ಲಿಯೂ, ಆಮೇಲೆ ಕಪ್ಪೆ, ಹಾವುಗಳಲ್ಲಿಯೂ ಬೆಳೆಯುತ್ತದೆ. ಸೋಸದ ನೀರನ್ನು ಕುಡಿದಾಗ ಆ ಮರಿಯು ಮನುಷ್ಯನ ಚರ್ಮದಡಿಯಲ್ಲಿ, ಕಣ್ಣಿನಲ್ಲಿ, ಬಲು ವಿರಳವಾಗಿ ಮಿದುಳಿನಲ್ಲಿ ಹರಿದಾಡಬಹುದು. ಚೀನದ ಅಮಾಯ್ ಪಟ್ಟಣದಲ್ಲಿ ಮನುಷ್ಯನ ದೇಹದೊಳಗೆ ಇದನ್ನು ಮೊದಲು ಕಂಡವನು ಪ್ಯಾಟ್ರಿಕ್ ಮ್ಯಾನ್‌ಸನ್. ಕಪ್ಪೆಯ ಹಸಿಮಾಂಸವನ್ನು ಗಾಯಕ್ಕೆ ಕಟ್ಟುವ ಚಿಕಿತ್ಸೆಯೂ ಇದಕ್ಕೆ ದಾರಿ. ನಮ್ಮ ನಾಡಿನಲ್ಲಿ ನಾರುಹುಣ್ಣಿನ ಹುಳುವು ಇಂಥ ನೀರುಕೀಟದಿಂದಲೇ ಹರಡುತ್ತಿತ್ತು. ನೀರನ್ನು ಬಟ್ಟೆಯಲ್ಲಿ ಸೋಸುವುದರಿಂದಲೂ, ಮೆಟ್ಟಿಲುಬಾವಿಗಳಿಗೆ ಬದಲಾಗಿ ಭದ್ರವಾದ ನೀರನ್ನು ಒದಗಿಸಿದುದರಿಂದಲೂ ಅದು ನಿಂತುಹೋಗಿ, 2000ದಲ್ಲಿ ಭಾರತವು ನಾರುಹುಣ್ಣಿನಿಂದ ಮುಕ್ತವೆಂದು ನಿರ್ಣಯವಾಯಿತು. ಒಂದಕ್ಕೆ ಸಾಧ್ಯವಾದುದು ಇನ್ನೊಂದಕ್ಕೂ ಸಾಧ್ಯ.

ಮೂರ್ಛೆಯ ಮಾತು

ಇಲ್ಲಿಯವರೆಗೆ ಹೇಳಿದವು ಅಪರೂಪದವು. ಆದರೆ ಅವುಗಳ ಹತ್ತಿರದ ಬಂಧುವಾದ ಹಂದಿಯ ಲಾಡಿಹುಳುವು ಅಪರೂಪದ್ದಲ್ಲ. ಕಾಡುಹಂದಿಯಲ್ಲಿಯೂ ಊರಹಂದಿಯಲ್ಲಿಯೂ ಇದರ ಗುಳ್ಳೆ ಬೆಳೆಯಬಲ್ಲದು. ಅರೆಬೆಂದ ಮಾಂಸದಿಂದ ಮನುಷ್ಯನ ಕರುಳಿಗೆ ಹುಳು ಬರುತ್ತದೆ. ಇಷ್ಟರಿಂದಲೇ ದೊಡ್ಡ ಕೇಡಿಲ್ಲ. ಆದರೆ ಆ ಮನುಷ್ಯನ ಮಲದಲ್ಲಿ ಬೀಳುವ ತತ್ತಿಯು, ಅವನ ತೊಳೆಯದ ಕೈಯಿಂದಲೋ ಹೊಲದ ಸೊಪ್ಪಿನಿಂದಲೋ ಇನ್ನೊಬ್ಬರ ಹೊಟ್ಟೆಗೆ ಹೋದರೆ, ಗುಳ್ಳೆಯು ಅವರ ಮಿದುಳಿನಲ್ಲಿ ನೆಲಸಿ ಮೂರ್ಛೆಯನ್ನುಂಟುಮಾಡುತ್ತದೆ. ಹಂದಿಯ ಮಾಂಸವನ್ನು ಕಣ್ಣಿನಿಂದ ನೋಡದವರಿಗೂ ಇದು ಬರುವುದು ಈ ಕಾರಣದಿಂದಲೇ.

ನಮ್ಮ ದೇಶದಲ್ಲಿ ಮೂರ್ಛೆ ಬಂದವರ ಮಿದುಳಿನ ಚಿತ್ರಗಳಲ್ಲಿ ಕಾಣುತ್ತಿದ್ದ ಒಂದು ಚಿಕ್ಕ ಉಂಗುರದಂಥ ಗುರುತನ್ನು ಹಿಂದೆ ಕ್ಷಯದ ಗಡ್ಡೆಯೆಂದು ಎಣಿಸಿ ಅದಕ್ಕೆ ಚಿಕಿತ್ಸೆ ಮಾಡುತ್ತಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಚಾಂಡಿ, ರಾಜಶೇಖರ್ ಮೊದಲಾದ ವೈದ್ಯರು 1980ರ ದಶಕದ ಕೊನೆಯಿಂದ ನಡೆಸಿದ ಪರಿಶೀಲನೆಯಿಂದ, ಅವುಗಳಲ್ಲಿ ಹೆಚ್ಚಿನವು ಈ ಹುಳುವಿನ ಗುಳ್ಳೆಗಳೆಂದೂ, ಅನೇಕವು ತಾವಾಗಿಯೇ ಅಡಗುವುವೆಂದೂ ತಿಳಿದುಬಂದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಗೌರಿದೇವಿ ಮತ್ತು ಅವರ ಸಹೋದ್ಯೋಗಿಗಳು ಬೆಂಗಳೂರು ನಗರದಲ್ಲಿಯೂ ಗ್ರಾಮಪ್ರದೇಶದಲ್ಲಿಯೂ 1,02,557 ಜನರನ್ನು ವಿಚಾರಿಸಿ, 2004ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮೂರ್ಛೆರೋಗವು ನಗರದಲ್ಲಿ ಸಾವಿರಕ್ಕೆ 5.7 ಮಂದಿಯಲ್ಲಿದ್ದರೆ ಹಳ್ಳಿಗಳಲ್ಲಿ 11.9 ಮಂದಿಯಲ್ಲಿತ್ತು, ಎಂದರೆ ಎರಡರಷ್ಟು. ಮೂರ್ಛೆಗೆ ಹೆರಿಗೆಯ ಕಾಲದ ಪೆಟ್ಟು, ತಲೆಗಾಯ, ಜ್ವರ ಮುಂತಾದ ಬೇರೆ ಕಾರಣಗಳೂ ಇರುವುದರಿಂದ ಈ ವ್ಯತ್ಯಾಸವನ್ನೆಲ್ಲ ಹುಳುವಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ತಡೆಯಬಹುದಾದ ಕಾರಣಗಳಲ್ಲಿ ಇದೂ ಒಂದು.

ಮೂರ್ಛೆ ಬಂದ ಮಗುವಿನ ಕೈಗೆ ಬೀಗದಕೈ ಕೊಟ್ಟು, ಮೂಗಿಗೆ ಈರುಳ್ಳಿ ಹಿಡಿದು, ದೇವರ ಕಾಟವೆಂದು ಮುಚ್ಚಿಡುವುದು ಇನ್ನೂ ನಿಂತಿಲ್ಲ. ಹೆಣ್ಣುಮಗುವಾದರೆ ಮುಂದೆ ಮದುವೆಗೆ ಅಡ್ಡಿಯಾದೀತೆಂದು ವೈದ್ಯನಿಂದಲೂ ಬಚ್ಚಿಡುತ್ತಾರೆ. ಮೂರ್ಛೆರೋಗವು ವಿವಾಹಕ್ಕೆ ಅಡ್ಡಿಯೆಂದಿದ್ದ ಮಾತನ್ನು 1999ರಲ್ಲಿಯೇ ಕಾನೂನಿನಿಂದ ತೆಗೆದುಹಾಕಿರುವುದನ್ನು ಅಂಥವರು ತಿಳಿಯಬೇಕು. ಬಿದ್ದವರನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, ಐದು ನಿಮಿಷಕ್ಕೂ ಮೀರಿದರೆ ಕೂಡಲೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಸುಲಭಬೆಲೆಯ ಮಾತ್ರೆಗಳನ್ನು ತಪ್ಪದೆ ಸೇವಿಸಿದರೆ ಬಹುಮಂದಿ ಎಲ್ಲರಂತೆ ಬಾಳಬಲ್ಲರು. ಮಿದುಳಿನಲ್ಲಿ ಗುಳ್ಳೆಯಿರಬಹುದೆಂಬ ಸಂದೇಹವಿದ್ದಾಗ ಹುಳುವಿನ ಔಷಧವನ್ನು ತಾವಾಗಿಯೇ ಕೊಡುವುದು ಮಾತ್ರ ಅಪಾಯಕರ. ಹುಳು ಸಾಯುವಾಗ ಮಿದುಳು ಬಾತುಕೊಳ್ಳಬಹುದಾದುದರಿಂದ ಅದನ್ನು ವೈದ್ಯನೇ ನಿರ್ಣಯಿಸಬೇಕು.

ಗೃಹಸ್ಥರು ಮಾಡತಕ್ಕದ್ದು

ಹಬ್ಬದಲ್ಲಾಗಲಿ ಮನೆಯಲ್ಲಾಗಲಿ ಕುರಿ ಮೇಕೆಗಳನ್ನು ಕಡಿದಾಗ ಈಲಿ, ಪುಪ್ಪುಸ, ತಲೆಗಳನ್ನು ಹಸಿಯಾಗಿ ನಾಯಿಗೆ ಹಾಕಬಾರದು. ಚೆನ್ನಾಗಿ ಬೇಯಿಸಿ ಹಾಕಬೇಕು. ಗುಳ್ಳೆಯಿದ್ದುದನ್ನು ಸುಡಬೇಕು, ಇಲ್ಲವೆ ನಾಯಿ ನರಿಗಳು ಕೆದಕದಷ್ಟು ಆಳವಾಗಿ ಹೂಳಬೇಕು. ಊರಿನ ಹಿರಿಯರು ಹಬ್ಬಕ್ಕೆ ಮೊದಲೇ ಒಂದು ಗುಂಡಿಯನ್ನು ತೋಡಿಸಿಟ್ಟರೆ, ಇಡೀ ಊರಿಗೆ ಉಪಕಾರ.

ಸಾಕಿದ ನಾಯಿಗೆ ಪಶುವೈದ್ಯನ ಸಲಹೆಯಂತೆ ಕಾಲಕಾಲಕ್ಕೆ ಲಾಡಿಹುಳುವಿನ ಮಾತ್ರೆಯನ್ನು ಕೊಡಿಸಬೇಕು. ಉಂಡ ತಟ್ಟೆಯನ್ನು ನಾಯಿಗೆ ನೆಕ್ಕಲು ಬಿಡಬಾರದು. ಮಕ್ಕಳು ನಾಯಿಯೊಡನೆ ಆಡಲಿ. ಆದರೆ ಮುಖ ನೆಕ್ಕಿಸಿಕೊಳ್ಳದಿರಲಿ, ಆಟ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯಲಿ. ಹಿತ್ತಲಿನ ಸೊಪ್ಪಿನ ಪಾತಿಗೆ ಬೇಲಿಯಿರಲಿ.

ಕೋಸಂಬರಿಗೆ ಹಾಕುವ ಸೌತೆ, ಗಜ್ಜರಿ, ಕೊತ್ತಂಬರಿ ಮುಂತಾದ ಹಸಿಯಾಗಿ ತಿನ್ನುವವನ್ನು ಸುರಿಯುವ ನೀರಿನಲ್ಲಿ ಎರಡು ಮೂರು ಬಾರಿ ಉಜ್ಜಿ ತೊಳೆಯಬೇಕು. ಉಪ್ಪುನೀರಿನಲ್ಲಿ ಅದ್ದಿದ ಮಾತ್ರಕ್ಕೆ ತತ್ತಿಗಳು ಸಾಯುವುದಿಲ್ಲ. ಕುದಿಯುವ ಶಾಖಕ್ಕೆ ಸಾಯುತ್ತವೆ. ಕುಡಿಯುವ ನೀರನ್ನು ಕಾಯಿಸಿ ಆರಿಸುವುದು ಉತ್ತಮ. ಮನೆಯವರೆಲ್ಲರೂ ಶೌಚಾಲಯವನ್ನೇ ಉಪಯೋಗಿಸುವುದು, ಅಡುಗೆ ಮಾಡುವವರು ಉಗುರು ಕತ್ತರಿಸಿ ಕೈ ತೊಳೆಯುವುದು, ಇವೆರಡೂ ಮಿದುಳಿನ ಹುಳುವಿಗೆ ದೊಡ್ಡ ತಡೆ. ಮಲದಲ್ಲಿ ಬಿಳಿಯ ಚಪ್ಪಟೆ ತುಣುಕುಗಳು ಕಂಡರೆ, ನಾಚಿಕೆಪಡದೆ ಅದನ್ನು ಶೀಶೆಯಲ್ಲಿಟ್ಟು ವೈದ್ಯನಿಗೆ ತೋರಿಸಬೇಕು. ಶಾಲೆಯಲ್ಲಿ ಕೊಟ್ಟ ಒಂದು ಮಾತ್ರೆಯಿಂದ ಇದು ಹೋಗಿರುವುದೆಂದು ನಂಬಿ ಕೂರಬಾರದು.

ಕಡೆಯದಾಗಿ ಒಂದು ಮಾತು. ಇದನ್ನೆಲ್ಲ ಓದಿದವರು ನರಿಯನ್ನೂ ಕೋತಿಯನ್ನೂ ಕೊಲ್ಲುವುದೇ ಪರಿಹಾರವೆಂದು ಭಾವಿಸಬಾರದು. ಅದು 1972ರ ವನ್ಯಜೀವಿ ಕಾನೂನಿಗೆ ವಿರುದ್ಧವಾದುದಲ್ಲದೆ ನಿಷ್ಪ್ರಯೋಜನವೂ ಹೌದು. ನರಿಯು ಇಲಿಗಳನ್ನು ತಿಂದು ರೈತನಿಗೆ ನೆರವಾಗುವ ಪ್ರಾಣಿ; ನರಿಯ ಮುಖ ನೋಡಿ ಎದ್ದರೆ ಶುಭವೆಂದು ನಮ್ಮವರು ಹೇಳುವುದುಂಟು. ಅದರ ಬಾಯಿಗೆ ಹುಳುವಿನ ಗುಳ್ಳೆಯನ್ನು ಎಸೆಯುತ್ತಿರುವವರು ನಾವು. ಎಸೆಯುವ ಕೈ ನಿಂತರೆ ಚಕ್ರವೂ ನಿಲ್ಲುತ್ತದೆ.

ಐಸ್‌ಲೆಂಡಿನ ಜನರನ್ನು ಉಳಿಸಿದುದು ಮನೆಮನೆಗೂ ತಲಪಿದ ಒಂದು ಪುಟ್ಟ ಪುಸ್ತಕ. ನಮ್ಮ ಹಳ್ಳಿಗಳಲ್ಲಿ ಅಚ್ಚಿನ ಅಕ್ಷರವು ಇನ್ನೂ ಎಲ್ಲರ ಕಣ್ಣಿಗೂ ನಿಲುಕುವುದಿಲ್ಲ. ಆದುದರಿಂದ ಇದನ್ನು ಓದಿದ ಮಹನೀಯರೂ ಮಹಿಳೆಯರೂ, ಕುರಿ ಸಾಕುವ ನೆರೆಯವರಿಗೂ, ಮನೆಗೆಲಸಕ್ಕೆ ಬರುವವರಿಗೂ, ಮುಂದಿನ ಊರಹಬ್ಬಕ್ಕೆ ಮೊದಲೇ ಈ ನಾಲ್ಕು ಮಾತುಗಳನ್ನು ಬಾಯಿಯಿಂದ ಹೇಳುವುದಾದರೆ ನಮ್ಮ ಬರಹವು ಸಾರ್ಥಕವಾಯಿತೆಂದು ತಿಳಿಯುವೆವು.